ಟೇಲರ್ ಸಾಹೇಬನ ದಫ್ತರ: ಆಕ್ಷೇಪಗಳಿಗೊಂದು ಪ್ರತ್ಯುತ್ತರ

ಸುರಪುರ ಸಂಸ್ಥಾನದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಆಡಳಿತ ನಡೆಸಿದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್‌ನ ಜಾಡನ್ನು ಉಳಿದಿರುವ ಕಾಗದಪತ್ರಗಳಲ್ಲಿ ಹಿಡಿಯಬೇಕು, ಅವನನ್ನು ಹೊಗಳುವುದಾಗಲಿ ಬೈಯುವುದಾಗಲಿ ದಫ್ತರ ಬಿಚ್ಚಿದ ಮೇಲಿನ ಮಾತು ಎಂದು ಹಿಂದೊಮ್ಮೆ ಬರೆದಿದ್ದೆ. ಅದಕ್ಕೆ ಎರಡೂ ಕಡೆಯಿಂದ ಏಟು ಬಿದ್ದಿದೆ. 1858ರಲ್ಲಿ ಬಂಡೆದ್ದ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕರ ಅಭಿಮಾನಿಗಳು ನನ್ನನ್ನು ಬಿಳಿಯರ ವಕೀಲ ಎಂದರು. ಟೇಲರ್‌ನ ಅಭಿಮಾನಿಗಳು (ಅವರೂ ಇದೇ ಸೀಮೆಯವರು, ಸಂಖ್ಯೆಯಲ್ಲೂ ಕಡಿಮೆಯಿಲ್ಲ) ಉಂಡ ಮನೆಯ ಉಪಕಾರ ಮರೆತವನು ಎಂದರು. ನಮ್ಮ ಕಕ್ಕೇರಾದ ಹಿರಿಯರೊಬ್ಬರು ಇನ್ನೂ ಸರಳವಾಗಿ ಹೇಳಿದರು: "ತಮ್ಮಾ, ಸತ್ತವರ ಕಾಗದಾ ಕೆದಕಿ ಏನ್ ಮಾಡ್ತಿ? ಕಾಲುವಿಗೆ ನೀರು ಯಾವಾಗ ಬಿಡ್ತಾರ ಅದನ್ನ ಬರಿ." ಕಾಲುವೆ ನೀರಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಉಳಿದವಕ್ಕೆ ಇದೆ.

ಜಗಳಕ್ಕೆ ಇಳಿಯುವ ಮೊದಲು, ಯಾರೂ ಅಲ್ಲಗಳೆಯದ ಸಂಗತಿಗಳನ್ನು ಹೇಳಿಬಿಡುತ್ತೇನೆ. ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. 1824ರಲ್ಲಿ, ಇನ್ನೂ ಹದಿಹರೆಯದಲ್ಲೇ, ಮುಂಬೈಯ ಒಬ್ಬ ವ್ಯಾಪಾರಿಯ ಕೈಕೆಳಗೆ ಗುಮಾಸ್ತಿಕೆ ಮಾಡಲೆಂದು ಬಂದ. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಅದೇ ವರ್ಷದ ಕೊನೆಗೆ ಹೈದರಾಬಾದ್ ನಿಜಾಮನ ಸೇನೆಯಲ್ಲಿ ಕೆಲಸ ಹಿಡಿದ. 1841ರಲ್ಲಿ ಸುರಪುರಕ್ಕೆ ಬಂದ, 1853ರಲ್ಲಿ ಬಿಟ್ಟು ಹೋದ, 1858ರ ಬಂಡಾಯದ ಮೇಲೆ ಮತ್ತೆ ಬಂದ, 1860ರಲ್ಲಿ ತಾಯ್ನಾಡಿಗೆ ಮರಳಿದ. 1876ರಲ್ಲಿ ಫ್ರಾನ್ಸಿನ ಮೆಂಟೋನ್‌ನಲ್ಲಿ ತೀರಿಕೊಂಡ. ಮಾರನೇ ವರ್ಷ ಅವನ ಆತ್ಮಕಥೆಯನ್ನು ಮಗಳು ಆಲಿಸ್ ಹೊರತಂದಳು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ.

ಇನ್ನು ಆಕ್ಷೇಪಗಳು.

ಎಲ್ಲಕ್ಕಿಂತ ಜೋರಾಗಿ ಕೇಳಿಬಂದದ್ದು: "ಅವನು ಈಸ್ಟ್ ಇಂಡಿಯಾ ಕಂಪನಿಯ ನೌಕರ, ಸುರಪುರವನ್ನು ನುಂಗಲೆಂದೇ ಕಳಿಸಿದ ಗೂಢಚಾರ." ಕಂಪನಿಯ ನೌಕರ ಎಂಬುದು ತಪ್ಪು. ಟೇಲರ್‌ಗೆ ಸಂಬಳ ಬರುತ್ತಿದ್ದುದು ನಿಜಾಮನ ಖಜಾನೆಯಿಂದ. ಕಂಪನಿಯ ಖಾಯಂ ಪಟ್ಟಿಯಲ್ಲಿ ತನ್ನ ಹೆಸರಿಲ್ಲ ಎಂಬ ಕೊರಗು ಅವನನ್ನು ಕೊನೆಯವರೆಗೂ ಕಾಡಿತು. ಆದರೆ ಇದನ್ನು ಕೇಳಿ ಟೇಲರ್‌ನ ಅಭಿಮಾನಿಗಳು ಚಪ್ಪಾಳೆ ತಟ್ಟಬೇಕಾಗಿಲ್ಲ. ನಿಜಾಮನ ಆ ಸೇನೆಗೆ ಮೇಲಧಿಕಾರಿಗಳು ಬ್ರಿಟಿಷರು. ಖರ್ಚು ಹೈದರಾಬಾದಿನದು, ಹುಕುಂ ಅಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ರೆಸಿಡೆಂಟನದು. ಆ ಖರ್ಚಿನ ಬಾಕಿಯನ್ನೇ ನೆವಮಾಡಿಕೊಂಡು 1853ರಲ್ಲಿ ಬೇರಾರ್, ರಾಯಚೂರು ದೋಆಬ್ ಮತ್ತು ಧಾರಾಶಿವ ಕಡೆಯ ಜಿಲ್ಲೆಗಳನ್ನು ಬ್ರಿಟಿಷರು ತಮ್ಮ ಆಡಳಿತಕ್ಕೆ ತೆಗೆದುಕೊಂಡರು. 1841ರಲ್ಲಿ ಟೇಲರ್‌ನನ್ನು ಸುರಪುರಕ್ಕೆ ಕಳಿಸಿದವನು ಆಗಿನ ರೆಸಿಡೆಂಟ್ ಫ್ರೇಸರ್. ಒಬ್ಬ ಧಣಿಯ ಅನ್ನ ಉಂಡು ಇನ್ನೊಬ್ಬನ ಮಾತು ಕೇಳುವ ಹುದ್ದೆ ಅದು.

ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಅದು ಕಾಗದ ಎಲ್ಲಿ ಹುಡುಕಬೇಕೆಂಬುದನ್ನೇ ಬದಲಿಸುತ್ತದೆ. ಕಂಪನಿಯ ನೌಕರನಾಗಿದ್ದರೆ ಲಂಡನ್ನಿನ ಇಂಡಿಯಾ ಆಫೀಸಿನ ಕಡತ, ದೆಹಲಿಯ ರಾಷ್ಟ್ರೀಯ ಪತ್ರಾಗಾರದ ವಿದೇಶಾಂಗ ಇಲಾಖೆಯ ಕಡತ ನೋಡಿ ಎದ್ದು ಬರಬಹುದಿತ್ತು. ನಿಜಾಮನ ನೌಕರನಾದ್ದರಿಂದ ಹೈದರಾಬಾದಿನ ಫಾರಸಿ ದಫ್ತರವನ್ನೂ ನೋಡಬೇಕು. ಸುರಪುರದ ಬಾಕಿ ಬೆಳೆದದ್ದು ಹೇಗೆ ಎಂಬ ಲೆಕ್ಕ ಇರುವುದೂ ಆ ಕಡೆಗೇ. 1828ರಲ್ಲಿ ಕೃಷ್ಣಪ್ಪ ನಾಯಕರು ಪಟ್ಟಕ್ಕೆ ಬಂದಾಗ ಹೈದರಾಬಾದ್ ದರ್ಬಾರು ಕೇಳಿದ ನಜರಾನೆ 15 ಲಕ್ಷ ರೂಪಾಯಿ. ಸುರಪುರದಂಥ ಸಂಸ್ಥಾನದ ಬೆನ್ನು ಮುರಿಯಲು ಅಷ್ಟು ಸಾಕು. ಸಂಸ್ಥಾನ ಸಾಲಕ್ಕೆ ಬಿತ್ತು, ಸಾಲ ಕೊಟ್ಟವರು ಬಾಗಿಲಿಗೆ ಬಂದರು, ದೊರೆ ತೀರಿಕೊಂಡ ಮೇಲೆ ರಾಣಿ ಈಶ್ವರಮ್ಮನವರಿಗೂ ದೊರೆಯ ತಮ್ಮ ಪಿಡ್ಡ ನಾಯಕರಿಗೂ ಕಾರುಬಾರು ಯಾರ ಕೈಯಲ್ಲಿರಬೇಕೆಂದು ವ್ಯಾಜ್ಯ ಹತ್ತಿತು. ಟೇಲರ್ ಬಂದದ್ದು ಆ ಬಿರುಕಿನೊಳಗೆ. ಬಿರುಕು ಮಾಡಿದವನು ಅವನಲ್ಲ, ಅದರಲ್ಲಿ ಮನೆ ಕಟ್ಟಿಕೊಂಡವನು ಅವನು. ಎಲ್ಲ ಪಾಪವನ್ನೂ ಲಂಡನ್ನಿನ ತಲೆಗೆ ಕಟ್ಟಿದರೆ ಹೈದರಾಬಾದ್ ದರ್ಬಾರಿನ ಮಂತ್ರಿ ಚಂದೂಲಾಲರ ಕಾರುಬಾರು ಪುಕ್ಕಟೆ ಪಾರಾಗಿಬಿಡುತ್ತದೆ.

ಎರಡನೆಯ ಆಕ್ಷೇಪ: "ಶತ್ರು ಬರೆದ ಕಾಗದ ನಮಗೆ ಯಾಕೆ? ಅದರಲ್ಲಿ ಸತ್ಯ ಎಲ್ಲಿರುತ್ತದೆ?" ಹೀಗೆ ಕೇಳಿದವರು ಸುರಪುರದ ನಾಯಕರ ವಾಗಿಣಗೇರಿ ಕೋಟೆಯ ಬಗ್ಗೆ ಎದೆಯುಬ್ಬಿಸಿ ಮಾತಾಡುವವರು. ಮಾತಾಡಬೇಕಾದದ್ದೇ. 1705ರಲ್ಲಿ ಔರಂಗಜೇಬ್ ತನ್ನ ಬದುಕಿನ ಕೊನೆಯ ಮುತ್ತಿಗೆಯನ್ನು ಹಾಕಿದ್ದು ಆ ಕೋಟೆಗೆ. ತಿಂಗಳುಗಟ್ಟಲೆ ಕೂತು ಅದನ್ನು ಹಿಡಿದಾಗ ಆ ಕಾಲದ ದೊರೆ ಪಿಡ್ಡ ನಾಯಕರು ಅವನ ಕೈಗೆ ಸಿಗದೆ ಪಾರಾಗಿದ್ದರು. ಆದರೆ ಈ ಮುತ್ತಿಗೆಯ ದಿನದಿನದ ವಿವರ ನಮಗೆ ಬಂದದ್ದು ಎಲ್ಲಿಂದ? ಮೊಘಲರ ಫಾರಸಿ ಬರಹಗಳಿಂದ, ಮಾಸಿರ್-ಇ-ಆಲಂಗೀರಿಯಂಥ ಗ್ರಂಥಗಳಿಂದ. ಅದನ್ನು ಬರೆದವನು ಬಾದಶಹನ ಆಶ್ರಿತ. ನಾಯಕರನ್ನು ಹೊಗಳಲು ಅವನಿಗೆ ಯಾವ ಕಾರಣವೂ ಇರಲಿಲ್ಲ, ಆದ್ದರಿಂದಲೇ ನಾಯಕರ ಬೇಡ ಪಡೆ ಹೋರಾಡಿತೆಂದು ಅವನು ಬರೆದಾಗ ನಾವು ನಂಬುತ್ತೇವೆ. ಔರಂಗಜೇಬನ ಆಸ್ಥಾನದ ಲೇಖನಿಯಿಂದ ನಮ್ಮ ಕೀರ್ತಿ ಬಂದರೆ ಸರಿ, ಟೇಲರ್‌ನ ಲೇಖನಿಯಿಂದ ಬೇರೇನಾದರೂ ಬಂದರೆ ಮೈಲಿಗೆ ಎಂಬುದು ಯಾವ ನ್ಯಾಯ? ಬೇಡವಾದವನು ಬರೆದದ್ದರಲ್ಲಿ ಅವನಿಗೆ ಅನುಕೂಲವಾದ ಮಾತು ಯಾವುದು, ಅನುಕೂಲವಲ್ಲದಿದ್ದರೂ ಬಾಯಿತಪ್ಪಿ ಬಂದದ್ದು ಯಾವುದು ಎಂದು ಬೇರ್ಪಡಿಸಬೇಕು. ಕೋರ್ಟಿನಲ್ಲಿ ಎದುರುಪಕ್ಷದ ಸಾಕ್ಷಿಯನ್ನು ನಮ್ಮ ವಕೀಲರು ಪಾಟೀಸವಾಲಿಗೆ ನಿಲ್ಲಿಸುವುದೂ ಇದಕ್ಕೇ.

ಇದಕ್ಕೆ ತಿರುಗುಬಾಣವಾಗಿ ಟೇಲರ್‌ನ ಕಡೆಯವರೊಬ್ಬರು ಕಳಿಸಿದ ಪತ್ರ ನನ್ನ ಮುಂದಿದೆ. ಆತ್ಮಕಥೆಯಲ್ಲಿ ಎಲ್ಲವೂ ಸ್ಪಷ್ಟವಾಗಿರುವಾಗ ಬೇರೆ ಕಾಗದದ ಹಂಗೇಕೆ ಎಂದು ಅವರ ಪ್ರಶ್ನೆ. ಆತ್ಮಕಥೆಯನ್ನು ನಾನೂ ಓದಿದ್ದೇನೆ, ಸೊಗಸಾದ ಪುಸ್ತಕ. ಅದೇ ತೊಂದರೆ. ಬರೆದವನು 1839ರಲ್ಲಿ ದಾರಿಹೋಕರನ್ನು ಕೊಂದು ದೋಚುವ ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿಯಿಂದ ಇಂಗ್ಲೆಂಡನ್ನು ಬೆರಗುಗೊಳಿಸಿದವನು, ಮರುವರ್ಷ ಟಿಪ್ಪುವಿನ ಮೇಲೊಂದು, ಆಮೇಲೆ ಮರಾಠರ ಕಾಲದ್ದೊಂದು, 1857ರ ಕಾಲದ್ದೊಂದು ಎಂದು ಬರೆಯುತ್ತಲೇ ಹೋದವನು. ಕಥೆ ಎಲ್ಲಿ ತಿರುಗಬೇಕು, ಓದುಗನ ಕಣ್ಣು ಎಲ್ಲಿ ಒದ್ದೆಯಾಗಬೇಕು ಎಂದು ಅವನಿಗೆ ಗೊತ್ತು. ಜೊತೆಗೆ ಅವನೊಳಗೊಂದು ಹಳೆಯ ಗಾಯವಿತ್ತು: ಠಕ್ಕರ ಗುಟ್ಟನ್ನು ತಾನೇ ಮೊದಲು ಬಯಲು ಮಾಡುತ್ತಿದ್ದೆ, ಅಷ್ಟರಲ್ಲಿ ವರ್ಗ ಮಾಡಿಬಿಟ್ಟರು, ಹೆಸರು ಇನ್ನೊಬ್ಬ ಅಧಿಕಾರಿ ಸ್ಲೀಮನ್‌ಗೆ ಹೋಯಿತು ಎಂದು ಅವನು ನಂಬಿದ್ದ. ಹೆಸರು ಕೈತಪ್ಪಿತೆಂದು ನಂಬಿದವನು ಮುಪ್ಪಿನಲ್ಲಿ ಬರೆದ ಜೀವನಚರಿತ್ರೆ ಅದು. ಪ್ರಕಟಿಸಿದವಳು ತಂದೆಯನ್ನು ಪ್ರೀತಿಸಿದ ಮಗಳು.

ಅದೃಷ್ಟಕ್ಕೆ ಇನ್ನೊಂದು ಕಟ್ಟು ಉಳಿದಿದೆ. ಸುರಪುರದಲ್ಲಿ ಕೂತು ಅವನು ತನ್ನ ಬಂಧು ಹೆನ್ರಿ ರೀವ್‌ಗೆ ಬರೆದ ಪತ್ರಗಳನ್ನು ಪ್ಯಾಟ್ರಿಕ್ ಕ್ಯಾಡೆಲ್ 1947ರಲ್ಲಿ ಪುಸ್ತಕವಾಗಿ ತಂದ. ಇವು ಆಗಿಂದಾಗ್ಗೆ ಬರೆದವು. ನಾಳೆ ಏನಾಗುತ್ತದೋ ಗೊತ್ತಿಲ್ಲದವನ ಮಾತು ಇವುಗಳಲ್ಲಿದೆ. ಆದರೆ ಇವೂ ನಿರ್ಮಲ ಕನ್ನಡಿಯಲ್ಲ. ರೀವ್ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಬರೆಯುತ್ತಿದ್ದವನು, ಟೇಲರ್ ಸ್ವತಃ 1840ರಿಂದ 1853ರವರೆಗೆ ಅದೇ ಪತ್ರಿಕೆಯ ಬಾತ್ಮೀದಾರ. ಅಂದರೆ ಸುರಪುರದ ಆಡಳಿತಗಾರನೂ ಹೈದರಾಬಾದ್ ರಾಜ್ಯದ ದುಸ್ಥಿತಿಯನ್ನು ಲಂಡನ್ನಿಗೆ ವರದಿ ಮಾಡುತ್ತಿದ್ದವನೂ ಒಬ್ಬನೇ. ಇವತ್ತು ಒಬ್ಬ ತಹಸೀಲ್ದಾರ ಹಾಗೆ ಮಾಡಿದರೆ ನೋಟಿಸು ಬರುತ್ತದೆ. ಆತ್ಮಕಥೆ, ಪತ್ರ, ಪತ್ರಿಕೆಯ ಬರಹ, ರೆಸಿಡೆನ್ಸಿಗೆ ಕಳಿಸಿದ ವರದಿ ಈ ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ಓದದೆ ಟೇಲರ್ ಹೀಗಿದ್ದ ಎಂದು ಹೇಳುವವರು, ಪಾಪ, ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಿದ್ದಾರೆ.

ಟೇಲರ್‌ನ ಕಡೆಯವರು ನನಗೆ ಕಳಿಸಿದ ಆ ಪತ್ರದಲ್ಲೇ ಮೂರನೆಯ ಆಕ್ಷೇಪವೂ ಇದೆ: "ಬಾಲಕ ದೊರೆ ಟೇಲರ್‌ನನ್ನು ಅಪ್ಪಾ ಎಂದೇ ಕರೆಯುತ್ತಿದ್ದರು. ಕೆರೆ ಕಟ್ಟಿಸಿದ, ರಸ್ತೆ ಮಾಡಿಸಿದ, ಸಾಲ ತೀರಿಸಿದ. ಅವನು ಹೊರಟಾಗ ಜನ ಅತ್ತರು." ಬಾಲಕ ದೊರೆ ವೆಂಕಟಪ್ಪ ನಾಯಕರು ಅಪ್ಪಾ ಎಂದದ್ದನ್ನು ಹೇಳುವವನು ಟೇಲರ್. ಜನ ಅತ್ತದ್ದನ್ನು ಹೇಳುವವನೂ ಟೇಲರ್. ಇವು ಸುಳ್ಳು ಎನ್ನುತ್ತಿಲ್ಲ. ತಂದೆಯಿಲ್ಲದ ಎಳೆಯ ಹುಡುಗ, ದಿನಾ ಎದುರಿಗೆ ಬರುವ ಅಧಿಕಾರಿ. ಹುಡುಗ ಹಾಗೆ ಕರೆದಿರಬಹುದು, ಅವನಿಗೂ ಹುಡುಗನ ಮೇಲೆ ಮಮತೆ ಹುಟ್ಟಿರಬಹುದು. 1844ರಲ್ಲಿ ಟೇಲರ್‌ನ ಹೆಂಡತಿ ಮೇರಿ ತೀರಿಕೊಂಡಿದ್ದಳು, ಆ ಮನೆಯಲ್ಲೂ ಒಂಟಿತನ ಇತ್ತು. ಆದರೆ ಹುಡುಗನ ತಾಯಿ ಎಲ್ಲಿ ಹೋದರು?

ಟೇಲರ್‌ನ ಪುಸ್ತಕದಲ್ಲಿ ರಾಣಿ ಈಶ್ವರಮ್ಮ ಬರುವುದು ಹಠಮಾರಿ, ಒಳಸಂಚಿನ, ನಡತೆಗೆಟ್ಟ ಹೆಂಗಸಾಗಿ. ಅದೇ ಚಿತ್ರವನ್ನು ನಮ್ಮ ಎಷ್ಟೋ ಮಂದಿ ಚಾಚೂ ತಪ್ಪದೆ ನಕಲು ಮಾಡಿದ್ದಾರೆ. ಬಿಳಿಯನ ಮಾತು ಮೈಲಿಗೆ ಎನ್ನುವವರೂ ಈ ಒಂದು ವಿಷಯದಲ್ಲಿ ಅವನನ್ನು ಪೂರ್ತಿ ನಂಬಿದ್ದಾರೆ, ಅದು ನನಗೆ ವಿಚಿತ್ರವಾಗಿ ಕಾಣುತ್ತದೆ. ಸ್ವಲ್ಪ ಯೋಚಿಸಿ. ಗಂಡ ಸತ್ತ ಒಬ್ಬ ಹೆಣ್ಣುಮಗಳು, ಎಳೆಯ ಮಗ, ಬಾಗಿಲಲ್ಲಿ ಸಾಲ ಕೊಟ್ಟವರು, ಅಧಿಕಾರಕ್ಕಾಗಿ ಕಾದಿರುವ ಮೈದುನ, ಹೈದರಾಬಾದಿನ ಬಾಕಿ, ಇದರ ಮೇಲೆ ಫಿರಂಗಿಯೊಂದಿಗೆ ಬಂದ ಅಧಿಕಾರಿ. ಬೇಡ ಪಡೆಯ ಒಂದು ಭಾಗವಾದರೂ ಆಕೆಯ ಬೆನ್ನಿಗೆ ನಿಂತಿತ್ತು. ಇಂಥವಳು ಕಾರುಬಾರು ಬಿಟ್ಟುಕೊಡೆನೆಂದರೆ ಅದು ಹಠವೋ ರಾಜಕೀಯವೋ? ಗಂಡಸು ಮಾಡಿದ್ದರೆ ರಾಜಕೀಯ ಎನ್ನುತ್ತಿದ್ದೆವು. ಟೇಲರ್‌ನ ಬರಹದಲ್ಲಿ ಆಕೆಯ ಮಾತು ಸಿಗುವುದು ಅವನ ಲೇಖನಿಯ ಮೂಲಕ ಮಾತ್ರ, ಆದರೆ ಆಕೆಯನ್ನು ಬಗ್ಗಿಸಲು ಅವನು ಎಷ್ಟು ಪುಟ ಖರ್ಚು ಮಾಡಿದ ಎಂಬುದು ಕಾಣುತ್ತದೆ. ದುರ್ಬಲ ಎದುರಾಳಿಗೆ ಯಾರೂ ಅಷ್ಟು ಶಾಯಿ ಸುರಿಯುವುದಿಲ್ಲ.

ಕೆರೆಯ ಮಾತು. ಬೋನಾಳ ಕೆರೆಯನ್ನೇ ಅವನ ಹೆಸರಿಗೆ ಬರೆಯುವವರಿದ್ದಾರೆ. ನಾಯಕ ಅರಸರ ಕಾಲದಿಂದ ಇದ್ದ ಕೆರೆಗಳನ್ನು ಅವನು ದುರಸ್ತಿ ಮಾಡಿಸಿದ, ಒಳ್ಳೆಯದೇ ಮಾಡಿದ. ದುಡ್ಡು ಸಂಸ್ಥಾನದ ರೈತರ ಕಂದಾಯದ್ದು, ಮಣ್ಣು ಹೊತ್ತವರು ಇಲ್ಲಿಯವರು. ಇಷ್ಟು ಸಾಕು.

ನಾಲ್ಕನೆಯ ಆಕ್ಷೇಪಕ್ಕೆ ಬರುತ್ತೇನೆ, ಇಲ್ಲಿ ನಿಧಾನವಾಗಬೇಕು. "ವೆಂಕಟಪ್ಪ ನಾಯಕರನ್ನು ಬ್ರಿಟಿಷರು ಗುಂಡಿಟ್ಟು ಕೊಂದರು. ಆತ್ಮಹತ್ಯೆ ಎಂಬುದು ಟೇಲರ್ ಕಟ್ಟಿದ ಕಥೆ. ಅದನ್ನು ಪ್ರಶ್ನಿಸದವನು ದ್ರೋಹಿ." ಎದುರಿನ ಗುಂಪಿನವರು ಅಷ್ಟೇ ಖಚಿತವಾಗಿ ಹೇಳುತ್ತಾರೆ: "ಟೇಲರ್ ಬರೆದಿದ್ದಾನಲ್ಲ, ಆತ್ಮಹತ್ಯೆ. ಮುಗಿಯಿತು."

ನಡೆದದ್ದರ ಸಾಲು ಹೀಗಿದೆ. 1858ರ ಫೆಬ್ರುವರಿ ಮೊದಲ ವಾರದ ಕೊನೆಗೆ ಸುರಪುರದಲ್ಲಿ ಕಾಳಗವಾಯಿತು, 8ರಂದು ಬ್ರಿಟಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೈನ್ಯ ಬರುತ್ತಿದೆಯೆಂದು ತಿಳಿದ ದೊರೆ ಸುರಪುರ ಬಿಟ್ಟು ಹೈದರಾಬಾದಿಗೆ ಹೋದರು, ಅಲ್ಲಿ ದಿವಾನ ಸಾಲಾರ್ ಜಂಗರ ಆಡಳಿತ ಅವರನ್ನು ಹಿಡಿದು ರೆಸಿಡೆನ್ಸಿಗೆ ಒಪ್ಪಿಸಿತು. ಸುತ್ತಲ ಸೀಮೆಯೂ ಆಗ ಕುದಿಯುತ್ತಿತ್ತು: ಹಲಗಲಿಯ ಬೇಡರ ಮೇಲೆ ಸೈನ್ಯ ಬಿದ್ದು ಕೆಲವೇ ತಿಂಗಳಾಗಿತ್ತು. ಮುಂಡರಗಿ ಭೀಮರಾಯರು, ನರಗುಂದದ ಬಾಬಾಸಾಹೇಬರು ಎದ್ದದ್ದು ಇದಾದ ಮೇಲೆ, ಅದೇ ಬೇಸಿಗೆಯಲ್ಲಿ. ವೆಂಕಟಪ್ಪ ನಾಯಕರ ವಿಚಾರಣೆ ನಡೆದದ್ದು ಸೈನಿಕ ಆಯೋಗದ ಮುಂದೆ. ಶಿಕ್ಷೆ ಮರಣದಂಡನೆ. ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಜೀವಾವಧಿ ಗಡಿಪಾರಿಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದ; ನಡತೆ ಸರಿಯಾಗಿದ್ದರೆ ಸಂಸ್ಥಾನ ಮರಳಿ ಸಿಗಬಹುದೆಂಬ ಆಸೆಯೂ ಜೊತೆಗಿತ್ತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ದೊರೆ ಸತ್ತರು. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು.

ಈ ಸಾಲಿನಲ್ಲಿ ಟೇಲರ್ ಕಣ್ಣಾರೆ ಕಂಡದ್ದು ಯಾವುದು? ಸೆರೆಮನೆಯಲ್ಲಿ ದೊರೆಯನ್ನು ಭೇಟಿಯಾದದ್ದು. ತನಗೆ ಕುಮ್ಮಕ್ಕು ಕೊಟ್ಟವರ ಹೆಸರು ಹೇಳಲು ದೊರೆ ಒಪ್ಪಲಿಲ್ಲ, ಗಲ್ಲಿಗೇರಿಸುವುದಾದರೆ ಬೇಡ, ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಲಿ ಎಂದರು ಎಂದು ಅವನು ಬರೆಯುತ್ತಾನೆ. ಈ ಭಾಗವನ್ನು ನಾನು ನಂಬುತ್ತೇನೆ, ಕಾರಣ ಹಿಂದೆ ಹೇಳಿದ್ದೇ: ಬರೆದವನಿಗೆ ಅದರಿಂದ ಲಾಭವಿಲ್ಲ. ಮೇಲಧಿಕಾರಿಗಳು ಬಯಸುತ್ತಿದ್ದುದು ಹೆಸರುಗಳನ್ನು. ಅಪ್ಪಾ ಎನಿಸಿಕೊಂಡವನಿಗೂ ಆ ಹೆಸರು ಸಿಗಲಿಲ್ಲ ಎಂಬುದು ಅವನ ಸೋಲು. ಸೋಲನ್ನು ಬರೆದಿದ್ದಾನೆ. ವೆಂಕಟಪ್ಪ ನಾಯಕರ ಧೈರ್ಯಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಎಲ್ಲಿ ತರುತ್ತೀರಿ? ಟೇಲರ್‌ನ ಕಾಗದವನ್ನು ಸುಡಬೇಕೆನ್ನುವವರು ಈ ಪುಟವನ್ನೂ ಸುಡಬೇಕಾಗುತ್ತದೆ.

ಗುಂಡು ಹಾರಿದಾಗ ಟೇಲರ್ ಅಲ್ಲಿರಲಿಲ್ಲ. ಆ ಭಾಗ ಅವನಿಗೆ ಬೇರೆಯವರಿಂದ ಬಂದದ್ದು, ಮೂಲತಃ ಕಾವಲಿನ ಅಧಿಕಾರಿಯ ಹೇಳಿಕೆಗೆ ಹೋಗಿ ನಿಲ್ಲುತ್ತದೆ. ಕಾವಲಿದ್ದವನು, ತನ್ನದೇ ಪಿಸ್ತೂಲಿನಿಂದ ಕೈದಿ ಸತ್ತಿರುವಾಗ, ಬೇರೆ ಏನು ಹೇಳಿಯಾನು? ಆದ್ದರಿಂದ ಆ ಹೇಳಿಕೆ ಒಂದೇ ಸಾಲದು. ಹಾಗೆಂದು ಅದೊಂದೇ ಕಾರಣಕ್ಕೆ ಕೊಲೆ ಎಂದೂ ತೀರ್ಪು ಕೊಡಲಾಗದು. ನಾಲ್ಕು ವರ್ಷಕ್ಕೆ ಶಿಕ್ಷೆ ಇಳಿದ ಮೇಲೆ ದೊರೆ ಪ್ರಾಣ ಕಳೆದುಕೊಳ್ಳುವರೇ ಎಂದು ಒಂದು ಕಡೆಯವರು ಕೇಳುತ್ತಾರೆ. ಗಲ್ಲಿಗಿಂತ ಫಿರಂಗಿ ಮೇಲೆಂದವರು ಸೆರೆಮನೆಯನ್ನು ಸಹಿಸುತ್ತಿದ್ದರೇ ಎಂದು ಇನ್ನೊಂದು ಕಡೆಯವರು. ಎರಡೂ ಊಹೆ. ಊಹೆಯನ್ನು ಊಹೆ ಎಂದು ಕರೆದದ್ದಕ್ಕೆ ದ್ರೋಹಿಯಾದರೆ ಆಗಲಿ.

ಇಲ್ಲಿ ಜಾತಕದ ಪ್ರಸಂಗವೊಂದಿದೆ, ಅದನ್ನು ಎರಡೂ ಕಡೆಯವರು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ದೊರೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಾಯುವರೆಂದು ಜಾತಕದಲ್ಲಿತ್ತು, ಜೋಯಿಸರು ವರ್ಷಗಳ ಹಿಂದೆಯೇ ಟೇಲರ್‌ಗೆ ಗುಟ್ಟಾಗಿ ಹೇಳಿದ್ದರು, ಹಾಗೆಯೇ ಆಯಿತು. ಕಾದಂಬರಿಕಾರನ ಕೈ ಇಷ್ಟು ಸ್ಪಷ್ಟವಾಗಿ ಕಾಣುವ ಪುಟ ಇಡೀ ಪುಸ್ತಕದಲ್ಲಿ ಇನ್ನೊಂದಿಲ್ಲ. ವಿಧಿಯೇ ಹಾಗಿತ್ತು ಎಂದುಬಿಟ್ಟರೆ ಆಡಳಿತದ ಮೇಲೆ, ಆಯೋಗದ ಮೇಲೆ, ಕಾವಲಿನವನ ಮೇಲೆ ಯಾವ ಹೊಣೆಯೂ ಉಳಿಯುವುದಿಲ್ಲ ನೋಡಿ.

ಸಾವಿನ ಮೇಲೆ ಇಷ್ಟು ಜಗಳವಾಡುವವರು ವಿಚಾರಣೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ, ನನಗೆ ಅದೇ ದೊಡ್ಡ ಪ್ರಶ್ನೆ. ಸುರಪುರ ನಿಜಾಮನಿಗೆ ಪೇಷ್ಕಶ್ (ಕಪ್ಪ) ಕೊಡುತ್ತಿದ್ದ ಸಂಸ್ಥಾನ. ಅದರ ದೊರೆ ಕಂಪನಿಯ ಪ್ರಜೆಯಲ್ಲ. ಬ್ರಿಟಿಷ್ ಸೈನಿಕ ಅಧಿಕಾರಿಗಳು ಅವರನ್ನು ಯಾವ ಕಾನೂನಿನ ಅಡಿ ವಿಚಾರಿಸಿದರು? ಆರೋಪಪಟ್ಟಿಯಲ್ಲಿ ರಾಜದ್ರೋಹ ಯಾವ ರಾಜನ ವಿರುದ್ಧ? ಇದನ್ನು ಕೇಳಲು ಆಯೋಗದ ನಡಾವಳಿ ಬೇಕು, ಸಾಕ್ಷಿಗಳ ಹೇಳಿಕೆ ಬೇಕು. ಹೈದರಾಬಾದ್ ಸರ್ಕಾರ ರಚಿಸಿದ್ದ ಸಮಿತಿ ಸ್ವಾತಂತ್ರ್ಯ ಹೋರಾಟದ ದಾಖಲೆಗಳನ್ನು 1956ರ ಹೊತ್ತಿಗೆ ಸಂಪುಟಗಳಾಗಿ ತಂದಿತು, ಸುರಪುರದ ಕಾಗದಗಳೂ ಅದರಲ್ಲಿವೆ. ಕಪಟರಾಳ ಕೃಷ್ಣರಾಯರಂಥ ಹಿರಿಯರು ಸುರಪುರದ ಇತಿಹಾಸವನ್ನು ಕನ್ನಡದಲ್ಲಿ ಬರೆದು ದಾರಿ ಮಾಡಿಕೊಟ್ಟರು. ಆ ದಾರಿಯಲ್ಲಿ ನಡೆಯುವವರಿಗಿಂತ ಅದರ ಬಾಯಲ್ಲಿ ನಿಂತು ಕೂಗುವವರೇ ಹೆಚ್ಚಾಗಿದ್ದಾರೆ.

ಇನ್ನೊಂದು ಕಾಗದವನ್ನೂ ನೋಡಿ, ಅದು 1860ರ ಒಪ್ಪಂದ. ಬಂಡಾಯದಲ್ಲಿ ನಿಷ್ಠೆ ತೋರಿದ್ದಕ್ಕೆ ಬ್ರಿಟಿಷರು ನಿಜಾಮನಿಗೆ 50 ಲಕ್ಷದ ಸಾಲ ಬಿಟ್ಟರು, ರಾಯಚೂರು ದೋಆಬನ್ನೂ ಧಾರಾಶಿವವನ್ನೂ ಮರಳಿಸಿದರು, ಸುರಪುರವನ್ನು ಇನಾಮಿನಂತೆ ಕೊಟ್ಟರು. ದೊರೆ ಬದುಕಿದ್ದು, ನಾಲ್ಕು ವರ್ಷ ಮುಗಿಸಿ ಬರುವವರಿದ್ದರೆ ಈ ಲೆಕ್ಕ ಹೀಗೆ ಕೂಡುತ್ತಿರಲಿಲ್ಲ. ಇದರಿಂದ ಕೊಲೆ ಸಾಬೀತಾಗುವುದಿಲ್ಲ. ಆದರೆ ಸಾವಿನಿಂದ ಯಾರಿಗೆ ಏನು ದಕ್ಕಿತು ಎಂಬುದು ರುಜು ಸಮೇತ ಬರೆದಿಟ್ಟಿದೆ. ಅದರಲ್ಲಿ ಟೇಲರ್‌ಗೆ ಏನೂ ದಕ್ಕಲಿಲ್ಲ. ಅದೇ ವರ್ಷ ಆರೋಗ್ಯ ಕೆಟ್ಟು ಹಡಗು ಹತ್ತಿದ.

ಐದನೆಯದು ಕಲ್ಲುಗಳ ಕುರಿತು. "ರಾಜನಕೋಳೂರಿನ ಶಿಲಾಗೋರಿಗಳನ್ನು ಟೇಲರ್ ಕಂಡುಹಿಡಿದ, ಆ ಉಪಕಾರ ಮರೆಯಬೇಡಿ." ಕಂಡುಹಿಡಿಯಲು ಅವು ಕಳೆದಿರಲಿಲ್ಲ. ದನ ಮೇಯಿಸುವ ಹುಡುಗರಿಗೂ ಗೊತ್ತಿತ್ತು. ಗೇಣುದ್ದದ ಕುಳ್ಳರು, ಮಹಾ ಬಲಶಾಲಿಗಳು, ಆ ಮನೆಗಳಲ್ಲಿ ಇದ್ದರು ಎಂಬ ಕಥೆಯನ್ನು ಟೇಲರ್‌ಗೆ ಹೇಳಿದವರೇ ಊರವರು. ಅವನು 1850ರ ದಶಕದಲ್ಲಿ ಮುಂಬೈಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳ ಮೇಲೆ ಬರೆದಾಗ ಸಿಥಿಯನ್ನರನ್ನೂ ಬ್ರಿಟನ್ನಿನ ಡ್ರೂಯಿಡ್ ಪೂಜಾರಿಗಳನ್ನೂ ಎಳೆತಂದ. ಕುಳ್ಳರ ಕಥೆಗಿಂತ ಇದು ಹೆಚ್ಚು ನಂಬಲರ್ಹ ಎಂದು ನನಗನ್ನಿಸುವುದಿಲ್ಲ. ಆದರೆ ಅಗೆದದ್ದನ್ನು ಅವನು ದಾಖಲಿಸಿದ ರೀತಿ ಬೇರೆಯೇ. ಜೇವರ್ಗಿ ಕಡೆಯ ಗೋರಿಗಳನ್ನು ಪದರಪದರವಾಗಿ ಸೀಳಿ, ಎಲುಬು ಎಲ್ಲಿತ್ತು, ಮಡಕೆ ಎಲ್ಲಿತ್ತು ಎಂದು ಅಡ್ಡಕೊಯ್ತದ ಚಿತ್ರ ಬರೆದಿಟ್ಟ. ಸುಮಾರು ನೂರು ವರ್ಷದ ಮೇಲೆ ಬ್ರಹ್ಮಗಿರಿಯನ್ನು ಅಗೆದ ಪುರಾತತ್ವಜ್ಞ ಮಾರ್ಟಿಮರ್ ವೀಲರ್, ತನ್ನ ಕಾಲಕ್ಕಿಂತ ಎಷ್ಟೋ ಮುಂದಿದ್ದ ಕೆಲಸವೆಂದು ಅದನ್ನು ಹೊಗಳಿದ. ಸಿದ್ಧಾಂತ ಬಿದ್ದುಹೋದ ಮೇಲೂ ಚಿತ್ರ ಉಳಿಯಿತು. ಟೇಲರ್‌ನ ಬರಹದಲ್ಲಿ ನನಗೆ ಬೇಕಾದದ್ದೂ ಈ ಬಗೆಯದೇ.

"ಅವನ ಹೆಂಡತಿ ಮಕ್ಕಳ ವಿಷಯ ಯಾಕೆ ಬರೆದಿರಿ, ಅದು ಖಾಸಗಿ" ಎಂದೊಬ್ಬರು. ಮೇರಿಯ ತಂದೆ ವಿಲಿಯಂ ಪಾಮರ್, ಹೈದರಾಬಾದಿನ ಹೆಸರಾಂತ ಸಾಹುಕಾರ. ಅವನ ತಾಯಿ ಲಖನೌ ಕಡೆಯ ಬೇಗಂ ಫೈಜ್ ಬಕ್ಷ್. ನಿಜಾಮನ ಸರ್ಕಾರಕ್ಕೆ ಸಾಲ ಕೊಟ್ಟು ಹಗರಣಕ್ಕೆ ಸಿಕ್ಕ ಮನೆತನ ಅದು. ಸಂಸ್ಥಾನದ ಸಾಲ ಬಗೆಹರಿಸಲು ಬಂದ ಅಧಿಕಾರಿಯ ಮಾವ ಯಾರು ಎಂಬುದು ಖಾಸಗಿ ವಿಷಯವಲ್ಲ.

ಕೊನೆಯ ಆಕ್ಷೇಪ ನಮ್ಮೂರಿನದೇ: "ಈ ಕಾಗದಗಳಲ್ಲಿ ಕಕ್ಕೇರಾ ಎಲ್ಲಿದೆ? ದೊರೆ ಇದ್ದಾರೆ, ಸಾಹೇಬ ಇದ್ದಾನೆ. ನಮ್ಮ ಮುತ್ಯಾಗಳು ಎಲ್ಲಿ?" ಎಲ್ಲಕ್ಕಿಂತ ನ್ಯಾಯವಾದ ಪ್ರಶ್ನೆ ಇದು. ಆತ್ಮಕಥೆಯಲ್ಲಿ ಬೇಡರು ಹನ್ನೆರಡು ಸಾವಿರ ಎಂಬ ಒಂದೇ ಲೆಕ್ಕದಲ್ಲಿ ಬರುತ್ತಾರೆ, ಹೆಚ್ಚಿನವರಿಗೆ ಮುಖವಿಲ್ಲ. ಆದರೆ ಆ ಪಡೆ ಗಾಳಿಯಲ್ಲಿ ನಿಂತಿರಲಿಲ್ಲ. ಚಾಕರಿಗೆ ಬದಲಾಗಿ ಹೊಲ ಇತ್ತು, ಹೊಲಕ್ಕೆ ವತನದ ಲೆಕ್ಕ, ಲೆಕ್ಕ ಇಟ್ಟವರು ಊರ ಕುಲಕರ್ಣಿಗಳು. ಹನ್ನೆರಡು ಸಾವಿರಕ್ಕೆ ಹೆಸರು, ಊರು, ಹೊಲದ ಚಕಬಂದಿ ಸಿಗುವುದಾದರೆ ಅಂಥ ಕಾಗದದಲ್ಲೇ. ಮೇಲಿನ ಮಟ್ಟದ ಕಾಗದ ಹೈದರಾಬಾದಿಗೆ ಹೋಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಆಮೇಲೆ ಗುಲಬರ್ಗಾ ಜಿಲ್ಲೆ ಒಡೆದು ಯಾದಗಿರಿಯಾಯಿತು. ಜಿಲ್ಲೆ ಬದಲಾದಂತೆ ದಫ್ತರ ನಮ್ಮ ಹಿಂದೆ ಬರಲಿಲ್ಲ. ಕೆಳಗಿನ ಮಟ್ಟದ್ದು ಮನೆಗಳಲ್ಲೇ ಉಳಿಯಿತು, ಮೋಡಿ ಲಿಪಿಯಲ್ಲಿ ಬರೆದದ್ದು, ಉರ್ದುವಿನಲ್ಲಿ ಬರೆದದ್ದು. ಕಕ್ಕೇರಾ, ತಿಂಥಣಿ, ಕೊಡೇಕಲ್ ಕಡೆ ಹಳೆಯ ಮನೆಗಳ ಟ್ರಂಕುಗಳಲ್ಲಿ ಬಟ್ಟೆ ಸುತ್ತಿದ ಕಟ್ಟುಗಳು ಇನ್ನೂ ಇರಬಹುದು.

ಇದ್ದವರು ಅವನ್ನು ಯಾರಿಗೂ ಕೊಡಬೇಕಾಗಿಲ್ಲ, ನನಗಂತೂ ಬೇಡವೇ ಬೇಡ. ಹೊಲದ ತಕರಾರು ಬಂದೀತೆಂಬ ಭಯ ನನಗೂ ಅರ್ಥವಾಗುತ್ತದೆ. ಹಗಲು ಬೆಳಕಿನಲ್ಲಿ ಪ್ರತಿ ಹಾಳೆಯ ಎರಡೂ ಬದಿಯ ಫೋಟೋ ತೆಗೆದಿಡಿ, ಯಾವ ಮನೆಯದು, ಯಾವ ಕಟ್ಟಿನದು ಎಂದು ಬೇರೆ ಚೀಟಿಯಲ್ಲಿ ಬರೆದಿಡಿ. ಮೂಲವನ್ನು ಮತ್ತೆ ಹತ್ತಿಯ ಬಟ್ಟೆಯಲ್ಲೇ ಸುತ್ತಿ ಟ್ರಂಕಿಗೆ ಹಾಕಿ. ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯವನು ಎಷ್ಟು ಒತ್ತಾಯ ಮಾಡಿದರೂ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಆ ಪ್ಲಾಸ್ಟಿಕ್ಕಿನೊಳಗೆ ಸಿಕ್ಕ ಹಾಳೆಯನ್ನು ಮತ್ತೆ ಬಿಡಿಸಲು ಬರುವುದಿಲ್ಲ.